ನಾನು ಕಂಪ್ಯೂಟರಾದ ಭಾನುವಾರ

"ಕಾಂತಾ, ಬರದಿಟ್ಕೋ! ಈ ಸಲ ನನ್ನ ನಲವತ್ತೊಂದು ಹುಡುಗರಿಗೂ ಪ್ರೋಗ್ರಾಮಿಂಗ್ ಕಲಸೇ ಬಿಡ್ತೇನಿ. ಒಬ್ಬರೂ ನಪಾಸ ಆಗಬಾರ್ದು!"

ನಾನು ಹೀಗೆಂದು ಘೋಷಿಸಿದ್ದು ಒಂದು ಶನಿವಾರ ಬೆಳಿಗ್ಗೆ, ಹಲ್ಲುಜ್ಜುವ ಬ್ರಷ್ಷನ್ನು ಗದೆಯಂತೆ ಮೇಲೆತ್ತಿ. ನನ್ನ ಹೆಂಡತಿ ಕಾಂತಾ ನೀರಿನ ಟ್ಯಾಂಕರಿನ ಸದ್ದು ಕೇಳೀತೇನೋ ಎಂದು ಕಿವಿಗೊಟ್ಟು ಹೊಸ್ತಿಲ ಮೇಲೆ ಕೂತಿದ್ದಳು. ತಿರುಗಿಯೂ ನೋಡಲಿಲ್ಲ.

"ಮೊದಲ ಬಾಯಿ ತೊಳ್ಕೊರಿ. ಒಂದೇ ತಂಬಿಗಿ ನೀರದ, ಅದರಾಗೇ ಮುಗಸ್ರಿ."

ಮಹಾಪುರುಷರ ಪ್ರತಿಜ್ಞೆಗಳನ್ನು ಅವರ ಮನೆಯವರು ಹೀಗೆಯೇ ಕೇಳಿಸಿಕೊಂಡಿರಬೇಕು ಎಂದು ಸಮಾಧಾನ ಮಾಡಿಕೊಂಡು ಬಾಯಿ ತೊಳೆದೆ.

ನನ್ನ ಹೆಸರು ಮಚ್ಛೇಂದ್ರ. ಬೀದರಿನ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಉಪನ್ಯಾಸಕ. ಗಾಂಧಿ ಗಂಜಿನ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ. ಎರಡು ವರ್ಷದಿಂದ ಮಳೆ ನಮ್ಮ ಜಿಲ್ಲೆಯ ದಾರಿಯನ್ನೇ ಮರೆತಿತ್ತು. ಔರಾದ, ಭಾಲ್ಕಿ ಕಡೆಯ ಹಳ್ಳಿಗಳಿಂದ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದಿಗೋ ಪುಣೆಗೋ ಕೂಲಿಗೆ ಹೊರಟಿದ್ದರು. ಅವರ ಹಿಂದೆ ನಮ್ಮ ವಿದ್ಯಾರ್ಥಿಗಳೂ ಬಸ್ಸು ಹತ್ತಿದರು. ಅವರ ವರ್ಷ ಹಾಳಾಗಬಾರದೆಂದು ನಮ್ಮ ಪ್ರಿನ್ಸಿಪಾಲರು, ಮುಜೀಬೋದ್ದೀನ ಸಾಹೇಬರು, ಊರು ಬಿಟ್ಟ ನಲವತ್ತೊಂದು ಮಂದಿಗೆ ಪ್ರೋಗ್ರಾಮಿಂಗ್ ಪಾಠವನ್ನು ಆನ್‌ಲೈನ್ ಮಾಡಿಸಿದರು. ಹುಡುಗರು ಅಲ್ಲೆಲ್ಲೋ ಕಟ್ಟುತ್ತಿರುವ ಕಟ್ಟಡದ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಕಲಿಯಬೇಕು. ನಾನು ಇಲ್ಲಿ ಬಾಬಾಸಾಹೇಬರ ಫೋಟೋದ ಕೆಳಗೆ ಕೂತು ಲ್ಯಾಪ್‌ಟಾಪಿನಲ್ಲಿ ಕಲಿಸಬೇಕು.

ಕಲಿಸಿದೆ! ಹದಿನಾಲ್ಕು ಪಾಠ ಕಲಿಸಿದೆ! ಪರದೆಯ ಮೇಲೆ ಸಾಲಾಗಿ ಕಪ್ಪು ಚೌಕಗಳು. ಒಂದು ಚೌಕದಲ್ಲೂ ಮುಖವಿಲ್ಲ. "ತಿಳೀತಾ?" ಎಂದರೆ ಎಲ್ಲ ಚೌಕಗಳಿಂದ "ಎಸ್ ಸರ್!" ಒಮ್ಮೆ ನಾನು ಪಾಠ ಶುರುಮಾಡುವ ಮೊದಲು ಸುಮ್ಮನೆ ಗಂಟಲು ಸರಿಮಾಡಿಕೊಂಡೆ. ಅದಕ್ಕೂ "ಎಸ್ ಸರ್!" ಬಂತು. ಇಷ್ಟು ಚೆನ್ನಾಗಿ ಕೆಮ್ಮುವ ಉಪನ್ಯಾಸಕ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎಂದು ಬೀಗಿದೆ.

ಆಮೇಲೆ ಟೆಸ್ಟ್ ಇಟ್ಟೆ. ಸುಲಭದ ಪ್ರಶ್ನೆ: ನಿಮ್ಮ ಹೆಸರನ್ನು ಪರದೆಯ ಮೇಲೆ ಮೂಡಿಸುವ ಪ್ರೋಗ್ರಾಮ್ ಬರೆಯಿರಿ. ಹತ್ತೊಂಬತ್ತು ಮಂದಿಯ ಪ್ರೋಗ್ರಾಮು ಒಂದೇ ರೀತಿ ನಡೆದು, ಹತ್ತೊಂಬತ್ತು ಸಲವೂ "ನನ್ನ ಹೆಸರು ಅಯ್ಯುಬ" ಎಂದು ತೋರಿಸಿತು. ಅದರಲ್ಲಿ ಅಯ್ಯುಬನೆಂಬುವನು ಒಬ್ಬನೇ! ಉಳಿದ ಹದಿನೆಂಟು ಮಂದಿ ತಂದೆತಾಯಿ ಇಟ್ಟ ಹೆಸರನ್ನು ಬಿಟ್ಟು ಅಯ್ಯುಬರಾಗಿದ್ದರು. ಒಟ್ಟು ಪಾಸಾದವರು ಆರು.

ಮುಜೀಬೋದ್ದೀನ ಸಾಹೇಬರು ಕರೆಸಿದರು. "ಮಚ್ಛೇಂದ್ರ ಸರ್, ಮುಂದಿನ ಟೆಸ್ಟಿನಾಗ ಅರ್ಧ ಹುಡುಗರರ ಪಾಸಾಗಬೇಕು. ಇಲ್ಲಂದ್ರ ಈ ಬ್ಯಾಚ್ ಬಂದ್ ಮಾಡ್ರಿ ಅಂತ ಕಮಿಟಿಯವರು ಹೇಳ್ಯಾರ."

"ಬಂದ್ ಮಾಡಿದ್ರ ಹುಡುಗರು ಏನ್ ಮಾಡಬೇಕ್ರಿ?"

"ಇಲ್ಲಿ ಬಂದು ಕೂಡಬೇಕು. ಬರ್ಲಿಕ್ಕ ಆಗಲಿಲ್ಲಂದ್ರ ಸಾಲಿ ಬಿಡಬೇಕು. ಏನ್ ಮಾಡೋಣ, ಹೇಳ್ರಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಮೊದಲು ಹೇಳಿದ ಆ ಬ್ರಷ್ ಪ್ರತಿಜ್ಞೆ ನಡೆದದ್ದು ಇದರ ಮರುದಿನ ಬೆಳಿಗ್ಗೆ.

ನನ್ನ ಮೊದಲ ಅಸ್ತ್ರ, ಸಹಾಯವಾಣಿ! ಯಾವ ಅನುಮಾನ ಬಂದರೂ ಯಾವಾಗ ಬೇಕಾದರೂ ಫೋನ್ ಮಾಡಿ ಎಂದು ಹುಡುಗರಿಗೆ ಸಾರಿದೆ. ನನ್ನ ಫೋನು ಪಾಠಕ್ಕೆ ಇಂಟರ್ನೆಟ್ ಒದಗಿಸುವುದರಲ್ಲೇ ಸುಸ್ತಾಗುತ್ತಿದ್ದುದರಿಂದ ಕಾಂತಾಳ ನಂಬರು ಕೊಟ್ಟೆ. ಕಾಂತಾಳಿಗೆ ಹೇಳುವುದನ್ನು ಮರೆತೆ.

ಮರುದಿನ ಅಂಗಳದಲ್ಲಿ ಕೂತಿದ್ದಾಗ ಕಾಂತಾಳ ಫೋನಿಗೆ ಪಂಢರಿ ಕರೆ ಮಾಡಿದ, ನಾನೇ ಎತ್ತಿದೆ. ಔರಾದ ತಾಲ್ಲೂಕಿನ ಹುಡುಗ, ಅವ್ವ ಅಪ್ಪನ ಜೊತೆ ಪುಣೆಯ ಹೊರಗೆ ಒಂದು ಕಟ್ಟಡದ ಕೆಲಸದಲ್ಲಿದ್ದ. ಹಿಂದೆ ಕಾಂಕ್ರೀಟ್ ಯಂತ್ರದ ಗರಗರ. ಆದ್ದರಿಂದ ಅವನೂ ಕೂಗುತ್ತಿದ್ದ, ಸ್ಪೀಕರಿಗೆ ಹಾಕಿ ನಾನೂ ಕೂಗುತ್ತಿದ್ದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡು ಎಂದು ಕಂಪ್ಯೂಟರಿಗೆ ಹೇಳುವುದಕ್ಕೆ ನಮ್ಮಲ್ಲಿ ಲೂಪ್ ಎನ್ನುತ್ತಾರೆ. ಎಲ್ಲಿ ನಿಲ್ಲಬೇಕೆಂದು ಹೇಳದಿದ್ದರೆ ಅದು ನಿಲ್ಲುವುದೇ ಇಲ್ಲ. ಪಂಢರಿಗೆ ಆದದ್ದು ಅದೇ.

"ಸರ್, ಲೂಪ್ ಹಾಕೀನ್ರಿ! ನಿಲ್ಲವಲ್ದ್ರಿ!"

"ಎಷ್ಟು ಹೊತ್ತಾತು?"

"ಮುಂಜಾನಿಂದ ಹಂಗೇ ಅದ್ರಿ! ಹೊರಗ ಬರ್ಲಿಕ್ಕೇ ಆಗವಲ್ದು!"

"ಅಂಜಬ್ಯಾಡೋ ಪಂಢರಿ! ನಡುವ ಒಂದು ಬ್ರೇಕ್ ಹಾಕು!"

ಸಂಜೆ ಕಾಂತಾ ನನ್ನೆದುರು ಬಂದು ನಿಂತಳು. ಮುಖದಲ್ಲಿ ನಗುವೋ ಸಿಟ್ಟೋ ತಿಳಿಯಲಿಲ್ಲ. ಗೋಡೆಯಾಚೆಯ ಖುರ್ಷಿದ ಬೇಗಂ ನಮ್ಮ ಓಣಿಗೆಲ್ಲ ಹಿರಿಯಕ್ಕ. ನಾವೆಲ್ಲ ಆಪಾ ಎನ್ನುತ್ತೇವೆ. ಅವರು ಕಾಂತಾಳನ್ನು ಬದಿಗೆ ಕರೆದು ಕೇಳಿದ್ದರಂತೆ: "ಕಾಂತಾ, ಇದೇನು ಗೌರ್ಮೆಂಟಿನ ಹೊಸಾ ಸ್ಕೀಮಾ? ಮಕ್ಕಳಾಗಬಾರ್ದಂತ ಹೆಂಗಸರಿಗಿ ಹಾಕೋ ಲೂಪ್ ಗಂಡಮಕ್ಕಳಿಗೂ ಬಂತಾ? ಅದೂ ಮಾಸ್ಟರ್ ಸಾಬ್ ಫೋನಿನಾಗೇ ಹ್ಯಾಂಗ ಹಾಕಸ್ತಾರ?"

"ರೀ, ಖರೇ ಹೇಳ್ರಿ," ಎಂದಳು ಕಾಂತಾ. "ಕಾಲೇಜಿನ್ಯಾಗ ನೀವು ಏನ್ ಕಲಸ್ತೀರಿ?"

ಸಹಾಯವಾಣಿ ಅಂದೇ ಮುಚ್ಚಿತು.

ಎರಡನೆಯ ಅಸ್ತ್ರ ನನಗೆ ಸಿಕ್ಕಿದ್ದು ಉಪನ್ಯಾಸಕರಿಗಾಗಿ ನಡೆದ ಒಂದು ತರಬೇತಿಯಲ್ಲಿ. ಅಲ್ಲಿ ಮಾತಾಡಿದ ತಜ್ಞರು, ಆನ್‌ಲೈನ್ ಪಾಠದಲ್ಲಿ ಬರೀ ಹೇಳಿದರೆ ಯಾರೂ ಕಲಿಯುವುದಿಲ್ಲ, ವಿದ್ಯಾರ್ಥಿಗಳಿಗೆ ಗೊತ್ತಿರುವ ಕೆಲಸವನ್ನೇ ತೆಗೆದುಕೊಂಡು ಅವರಿಂದ ಆಜ್ಞೆ ಕೊಡಿಸಿ, ನೀವು ಕಂಪ್ಯೂಟರಿನಂತೆ ನಡೆಯಿರಿ ಎಂದರು. ನನ್ನ ತಲೆಯಲ್ಲಿ ದೀಪ ಹತ್ತಿತು. ನಮ್ಮ ಹುಡುಗರಿಗೆಲ್ಲ ಗೊತ್ತಿರುವ ಕೆಲಸ ಯಾವುದು? ರೊಟ್ಟಿ! ಭಾನುವಾರ ಹನ್ನೊಂದು ಗಂಟೆಗೆ ಅಡುಗೆಮನೆಯಿಂದ ನೇರಪ್ರಸಾರ! ಅವರು ಹೇಳಬೇಕು, ನಾನು ಹೇಳಿದಷ್ಟೇ ಮಾಡಬೇಕು. ಸ್ವಂತ ಬುದ್ಧಿ ಒಂದು ಚೂರೂ ಬಳಸಬಾರದು.

"ಅದೇನು ನಿಮಗ ಕಷ್ಟ ಆಗಂಗಿಲ್ಲ," ಎಂದಳು ಕಾಂತಾ.

ಆ ಭಾನುವಾರ ಅವಳು ಭಾತಂಬ್ರಾದ ತಂಗಿಯ ಮನೆಗೆ, ಕೂಸಿನ ತೊಟ್ಟಿಲ ಕಾರ್ಯಕ್ಕೆ ಹೊರಟಿದ್ದಳು. ಹೊಸ್ತಿಲು ದಾಟುವಾಗ ಬೆರಳೆತ್ತಿದಳು.

"ನಿನ್ನಿ ಟ್ಯಾಂಕರ ಬಂದದ. ಇನ್ನ ಬರೂದು ಮುಂದಿನ ಶನಿವಾರ. ಅಡಗಿ ಮನ್ಯಾಗಿನ ಮೂರು ಕೊಡ ಕುಡಿಯೋ ನೀರು. ಜ್ವಾಕಿ!"

"ನಾನೇನು ಸಣ್ಣ ಕೂಸೇನು?"

"ಸಣ್ಣ ಕೂಸಿಗಿ ಹೇಳಿದ್ರ ತಿಳೀತದ."

ಹನ್ನೊಂದಕ್ಕೆ ಲ್ಯಾಪ್‌ಟಾಪನ್ನು ಬೇಳೆ ಡಬ್ಬಿಗಳ ನಡುವೆ ಸ್ಥಾಪಿಸಿದೆ. ಸರ್ ರೊಟ್ಟಿ ಬಡಿಯುತ್ತಾರೆಂಬ ಸುದ್ದಿ ಹೇಗೆ ಹಬ್ಬಿತ್ತೆಂದರೆ, ಯಾವಾಗಲೂ ಹತ್ತು ಹನ್ನೆರಡು ಮಂದಿ ಬರುತ್ತಿದ್ದಲ್ಲಿ ಇಪ್ಪತ್ತೊಂಬತ್ತು ಮಂದಿ! ಕಪ್ಪು ಚೌಕಗಳೆಲ್ಲ ಒಂದೊಂದಾಗಿ ಬೆಳಕಾದವು. ಅಷ್ಟು ದಿನದಲ್ಲಿ ಮೊದಲ ಬಾರಿಗೆ ನನ್ನ ವಿದ್ಯಾರ್ಥಿಗಳ ಮುಖ ನೋಡಿದೆ. ಕೂದಲಿಗೆ ಸಿಮೆಂಟು ಹತ್ತಿದವರು, ಹಿಂದೆ ತಗಡಿನ ಶೆಡ್ಡು, ಹಗ್ಗದ ಮೇಲೆ ಒಣಗಿದ ಬಟ್ಟೆ. ಪಂಢರಿಯ ಹಿಂದೆ ಅವನ ಅವ್ವ ಶೇವಂತಾಬಾಯಿ ಸೆರಗು ಹೊದ್ದು ಇಣುಕುತ್ತಿದ್ದರು.

"ನೋಡ್ರಪ್ಪಾ," ಎಂದು ಗುಡುಗಿದೆ. "ಈ ಕ್ಷಣದಿಂದ ನಾ ನಿಮ್ಮ ಸರ್ ಅಲ್ಲ. ನಾ ಕಂಪ್ಯೂಟರ್! ನೀವು ಹೇಳಿದ್ದು ಮಾಡ್ತೇನಿ. ನಿಲ್ಲು ಅನ್ನೋತನಕ ನಿಲ್ಲಂಗಿಲ್ಲ!"

"ಡಬ್ಬ್ಯಾಗಿನ ಹಿಟ್ಟ ಪರಾತಕ್ಕ ಹಾಕ್ರಿ ಸರ್," ಎಂದ ಪಂಢರಿ.

ಎಷ್ಟೆಂದು ಹೇಳಿದನೇ? ಇಲ್ಲ. ಕಂಪ್ಯೂಟರು ಕೇಳುತ್ತದೆಯೇ? ಇಲ್ಲ! ಡಬ್ಬಿಯನ್ನೇ ಬೋರಲು ಹಾಕಿದೆ. ನಾಲ್ಕು ಕಿಲೋ ಜೋಳದ ಹಿಟ್ಟು ಪರಾತವೆಂಬ ಆ ಅಗಲ ತಟ್ಟೆಯಲ್ಲಿ ಗುಡ್ಡವಾಗಿ, ಮೋಡವಾಗಿ ಎದ್ದು, ನನ್ನ ಹುಬ್ಬು ಮೀಸೆಗಳನ್ನೂ ಲ್ಯಾಪ್‌ಟಾಪನ್ನೂ ಮುಚ್ಚಿತು. ಎಲ್ಲರೂ ನಕ್ಕರು. 

"ಈಗ ನೀರ ಹಾಕ್ರಿ," ಎಂದ ಹೈದರಾಬಾದಿನಿಂದ ಅಯ್ಯುಬ. ನಾನು ಹೆಬ್ಬೆರಳಿನಿಂದ ಲ್ಯಾಪ್‌ಟಾಪಿನ ಕೀಲಿಗಳನ್ನು ಒರೆಸಿ, ಕೊಡಕ್ಕೆ ತಂಬಿಗೆ ಅದ್ದಿದೆ. ಆಮೇಲೆ ಏನೂ ಕೇಳಿಸಲಿಲ್ಲ.

ಹೆಬ್ಬೆರಳಿನಿಂದ ನಾನು ಒರೆಸಿದ ಕೀಲಿ ಶಬ್ದ ಬಂದ್ ಮಾಡುವ ಕೀಲಿ ಎಂದು ನನಗೆ ಗೊತ್ತಾದದ್ದು ಮುಕ್ಕಾಲು ಗಂಟೆಯ ನಂತರ. ಆಗ ಅನ್ನಿಸಿದ್ದು ಇಷ್ಟೇ: ಹುಡುಗರು ವಿಚಾರ ಮಾಡುತ್ತಿದ್ದಾರೆ! ಎಂಥ ಸುಂದರ ಮೌನ! ಇದಕ್ಕಾಗಿಯೇ ಅಲ್ಲವೇ ತರಬೇತಿ ಪಡೆದದ್ದು! ಒಂದು ತಂಬಿಗೆ ಹಾಕಿದೆ. ಯಾರೂ ಸಾಕೆನ್ನಲಿಲ್ಲ. ಎರಡು ಹಾಕಿದೆ. ಐದು ಹಾಕಿದೆ. ಹಿಟ್ಟು ಕೆಸರಾಯಿತು, ಕೆಸರು ಕೆರೆಯಾಯಿತು. ಹಿಟ್ಟು ಮೆತ್ತಿದ ಪರದೆಯಾಚೆ ಎಲ್ಲರೂ ಎರಡೂ ಕೈ ಎತ್ತಿ ಬೀಸುತ್ತಿರುವುದು ಮಸುಕಾಗಿ ಕಾಣುತ್ತಿತ್ತು. ಹುರಿದುಂಬಿಸುತ್ತಿದ್ದಾರೆ! ಶೇವಂತಾಬಾಯಿ ಹಣೆ ಹಣೆ ಬಡಿದುಕೊಳ್ಳುತ್ತಿದ್ದರು. ಕಂಪ್ಯೂಟರಿಗೇ ನಮಸ್ಕಾರ ಮಾಡುವ ತಾಯಿ ಎಂದು ನನ್ನ ಕಣ್ಣು ತೇವವಾಯಿತು. ಪರಾತ ತುಂಬಿ ಕಟ್ಟೆಯ ಮೇಲೆ ಹರಿಯತೊಡಗಿದಾಗ ಕೆಳಗೆ ದೊಡ್ಡ ಪಾತೇಲಿ ಇಟ್ಟು, ಎರಡನೆಯ ಕೊಡಕ್ಕೆ ಕೈಹಾಕಿದೆ.

"ನೋಡ್ರಿ! ಕಂಪ್ಯೂಟರ್ ತಾನಾಗಿ ನಿಲ್ಲಂಗಿಲ್ಲ!" ಎಂದು ಕೂಗಿದೆ. ಅದು ಅವರಿಗೆ ಸ್ಪಷ್ಟವಾಗಿ ಕೇಳಿಸಿತಂತೆ.

ಮುಂದಿನದು ನನಗೆ ಆಮೇಲೆ ತಿಳಿದದ್ದು. ಅಯ್ಯುಬ ಗಾಬರಿಯಾಗಿ ಹಳೆಯ ಸಹಾಯವಾಣಿಗೆ ಫೋನ್ ಮಾಡಿದ. ತೊಟ್ಟಿಲ ಮುಂದೆ ಹಾಡು ಕೇಳುತ್ತಿದ್ದ ಕಾಂತಾ ಎತ್ತಿದಳು.

"ಮೇಡಂ, ಸರ್ ನೀರು ಸುರೀಲಕತ್ತಾರ್ರಿ! ಕೊಡಗಟ್ಲೆ! ನಾವು ಒದರಿದ್ರ ಕೇಳವಲ್ರು!"

ಕಾಂತಾ ನನಗೆ ಫೋನ್ ಮಾಡಿದಳು. ಹತ್ತಲಿಲ್ಲ. ಖುರ್ಷಿದ ಆಪಾಗೆ ಮಾಡಿದಳು. "ಆಪಾ, ನಮ್ಮ ಮನ್ಯಾಗ ಕೊಡಗಟ್ಲೆ ನೀರು ಹರೀಲಕತ್ತದಂತ, ಜರಾ ನೋಡ್ರಿ!" ಗಡಿಬಿಡಿಯಲ್ಲಿ ಯಾರು, ಯಾಕೆ ಎಂಬುದು ಬಿಟ್ಟುಹೋಯಿತು. ಆಪಾ ತಮ್ಮ ಬಾಗಿಲಿನಿಂದ ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಅದನ್ನು ಕೂಗಿ ಹೇಳಿದರು. ಮೂರನೆಯ ಮನೆಯಲ್ಲಿ ಅದು 'ಮಾಸ್ತರ ಮನೆಯ ನಳಕ್ಕೆ ನೀರು ಬಂದಿದೆ' ಎಂದಾಯಿತು. ಓಣಿಯ ತುದಿ ಮುಟ್ಟುವಾಗ 'ಮಾಸ್ತರ ಅಡುಗೆಮನೆಯಲ್ಲಿ ನೀರಿನ ಸೆಲೆ ಒಡೆದಿದೆ' ಎಂದಾಗಿತ್ತು! ಎಂಟು ದಿನಕ್ಕೊಮ್ಮೆ ನೀರು ಕಾಣುವ ಓಣಿ ಮನೆಯಲ್ಲಿ ಕೂರುತ್ತದೆಯೇ?

ನಾನು ತಿರುಗಿ ನೋಡಿದಾಗ ಅಡುಗೆಮನೆಯ ಬಾಗಿಲಿನಿಂದ ಬೀದಿಯವರೆಗೆ ಕೊಡ, ಬಕೀಟು, ಡಬ್ಬಿ ಹಿಡಿದ ಹೆಂಗಸರು ಗಂಡಸರು. ನನಗೆ ಏನೂ ಅರ್ಥವಾಗಲಿಲ್ಲ. ಆದರೆ ಮನುಷ್ಯ ತನಗೆ ಬೇಕಾದದ್ದನ್ನೇ ಅರ್ಥ ಮಾಡಿಕೊಳ್ಳುತ್ತಾನಲ್ಲ!

"ಬರ್ರಿ ಬರ್ರಿ!" ಎಂದೆ ಹಿಟ್ಟಿನ ಮೀಸೆಯಲ್ಲಿ ನಕ್ಕು. "ಕಲೀಲಿಕ್ಕ ವಯಸ್ಸು ಅಡ್ಡ ಬರಂಗಿಲ್ಲ!"

"ಎಲ್ಲ್ಯದ್ರಿ ನೀರು?" ಎಂದಿತು ಸಾಲು.

"ಇಲ್ಲೇ, ಪರಾತದಾಗ!"

ಆಪಾ ಪರಾತ ನೋಡಿದರು. ಪಾತೇಲಿ ನೋಡಿದರು. ಬೋರಲು ಬಿದ್ದ ಎರಡು ಖಾಲಿ ಕೊಡ ನೋಡಿದರು. ನಾನು ಮೂರನೆಯದಕ್ಕೆ ತಂಬಿಗೆ ಅದ್ದುತ್ತಿದ್ದೆ.

"ಅರೇ ಅಲ್ಲಾ! ಬಸ್ ಕರೋ ಮಾಸ್ಟರ್ ಸಾಬ್!"

"ನೀವು ಹೇಳಿದ್ರ ನಿಲ್ಲಂಗಿಲ್ಲ ಆಪಾ. ಹುಡುಗರೇ ಹೇಳಬೇಕು. ನಾ ಈಗ ಕಂಪ್ಯೂಟರ್ ಇದ್ದೀನಿ."

ಆಪಾ ಸಾಲಿನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ನೀರು ಬಂದಿಲ್ಲ. ದಿಮಾಗ್ ಹೋಗ್ಯದ."

ಒಂದೇ ಏಟಿಗೆ ತಂಬಿಗೆ ಕಸಿದುಕೊಂಡರು. ಇನ್ನೊಂದು ಕೈಯಿಂದ ಓಢಣಿಯ ಚುಂಗು ಹಿಡಿದು ಲ್ಯಾಪ್‌ಟಾಪನ್ನು ಮೇಲಿಂದ ಕೆಳಗೆ ಉಜ್ಜಿದರು. ಪರದೆ ಸ್ವಚ್ಛವಾಯಿತು. 'ನಿಲ್ಲಸ್ರಿ ಸರ್' ಎಂಬ ಸಂದೇಶ ನೂರ ಹನ್ನೆರಡು ಸಲ. ಉಜ್ಜುವಾಗ ಅದೇ ಕೀಲಿ ಮತ್ತೆ ಒತ್ತಿಹೋಗಿತ್ತು. ಇಪ್ಪತ್ತೊಂಬತ್ತು ಗಂಟಲು ಒಟ್ಟಿಗೆ ಸಿಡಿದವು:

"ಸಾಕ್ರೀ ಸರ್ರ್!"

ಬೇಳೆ ಡಬ್ಬಿಗಳು ನಡುಗಿದವು. ನಾನು ಒಲೆಯ ಪಕ್ಕ ಹಾಗೇ ಕುಸಿದು ಕೂತೆ. ಮೂರು ಕೊಡದಲ್ಲಿ ಎರಡು ಹೋಗಿವೆ. ಶನಿವಾರ ಇನ್ನೂ ಆರು ದಿನ ದೂರ. ಮುಂದೆ ಓಣಿಯೆಲ್ಲ ಖಾಲಿ ಕೊಡ ಹಿಡಿದು ನಿಂತಿದೆ. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಆಗ ಲ್ಯಾಪ್‌ಟಾಪಿನಿಂದ ಶೇವಂತಾಬಾಯಿಯ ದನಿ ಬಂತು. "ಸರ್ರ, ಆ ಹಿಟ್ಟ ಚೆಲ್ಲಬ್ಯಾಡ್ರಿ. ಅಂಬಲಿ ಕಾಸ್ರಿ."

"ಹ್ಯಾಂಗವ್ವಾ?" ಎಂದೆ. ಈ ಸಲ ಕಂಪ್ಯೂಟರಾಗಿ ಅಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ.

"ಒಲಿ ಸಣ್ಣ ಮಾಡ್ರಿ. ಪಾತೇಲಿ ಇಡ್ರಿ. ಕೈಯಾಡಸ್ರಿ."

"ಎಷ್ಟು ಹೊತ್ತು?"

"ಗಂಟು ಇರೋತನಕ ಕೈಯಾಡಸ್ರಿ. ಗಂಟು ಹ್ವಾದವಂದ್ರ ನಿಲ್ಲಸ್ರಿ."

ಪಂಢರಿ ಕೂತಲ್ಲಿಂದ ಎದ್ದುಬಿಟ್ಟ. ಫೋನು ಕೈಜಾರಿ ಎಲ್ಲರಿಗೂ ಅವನ ಶೆಡ್ಡಿನ ಸೂರು ಕಂಡಿತು. "ಸರ್! ಸರ್! ಇದೇ ಲೂಪ್ ಅಲ್ಲೇನ್ರಿ? ನಾ ಎಷ್ಟ ಸಲ ಅಂತ ಹುಡುಕ್ಲಕತ್ತಿದ್ದೆ. ಗಂಟು ಇರೋತನಕ ಅಂತ ಬರದ್ರ ಆತಲ್ಲ!"

"ಮತ್ತ ಪ್ರತಿ ಸಲ ಗಂಟು ಅದನೋ ಇಲ್ಲೋ ನೋಡಬೇಕು!" ಎಂದ ಅಯ್ಯುಬ. "ನೋಡ್ಲಿಲ್ಲಂದ್ರ ಸರ್‌ಗ ಆದಂಗ ಆಗ್ತದ!"

"ಹಾಂ!" ಎಂದರು ಖುರ್ಷಿದ ಆಪಾ ದೀರ್ಘವಾಗಿ ಉಸಿರುಬಿಟ್ಟು. "ಇದಾ ಲೂಪ್?"

ನಾನು ಕೈಯಾಡಿಸುತ್ತಲೇ ಇದ್ದೆ. ಹುಡುಗರು ನನ್ನನ್ನು ಮರೆತು ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದರು. ಹದಿನಾಲ್ಕು ಪಾಠದಲ್ಲಿ ಬರದ ಪ್ರಶ್ನೆಗಳು ಒಂದು ಗಂಟೆಯಲ್ಲಿ ಬಂದವು. ಆಪಾ ಮನೆಯಿಂದ ಮಜ್ಜಿಗೆ ತಂದರು, ಯಾರೋ ಉಪ್ಪು, ಯಾರೋ ಜೀರಿಗೆ. ನೀರಿಗೆಂದು ಬಂದವರು ಅಂಬಲಿ ಕುಡಿದರು, ಕೊಡದಲ್ಲಿ ಹಾಕಿಸಿಕೊಂಡೂ ಹೋದರು. ಸಂಜೆ ಕಾಂತಾ ಓಡುತ್ತಾ ಬಂದಾಗ ನಮ್ಮ ಒಂದು ಖಾಲಿ ಕೊಡ ಕುತ್ತಿಗೆಯವರೆಗೆ ತುಂಬಿತ್ತು. ಅಂಬಲಿ ಒಯ್ದವರು ಒಬ್ಬೊಬ್ಬರೂ ಮರಳಿ ಬಂದು ತಮ್ಮ ಪಾಲಿನಿಂದ ಒಂದೊಂದು ತಂಬಿಗೆ ಸುರಿದು ಹೋಗಿದ್ದರು.

ಕಾಂತಾ ಕೊಡ ನೋಡಿದಳು. ಬಿಳಿ ಹುಬ್ಬಿನ ನನ್ನನ್ನು ನೋಡಿದಳು. ಬೈಯುತ್ತಾಳೆಂದು ಕಣ್ಣು ಮುಚ್ಚಿದೆ.

"ಅಂಬಲಿ ಉಳದದೇನು?" ಎಂದಳು. "ಗಡಿಬಿಡಿಯಾಗ ಉಣ್ಣದೇ ಬಂದೀನಿ."

ಹದಿನೈದು ದಿನಕ್ಕೆ ಎರಡನೆಯ ಟೆಸ್ಟು. ನಲವತ್ತೊಂದರಲ್ಲಿ ಮೂವತ್ತನಾಲ್ಕು ಪಾಸು! ಎಲ್ಲರಿಗೂ ಅವರವರ ಹೆಸರು ಮರಳಿ ಸಿಕ್ಕಿತ್ತು. ಬ್ಯಾಚು ಉಳಿಯಿತು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಲೇಜಿಗೆ ಹೋದೆ. ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಮುಜೀಬೋದ್ದೀನ ಸಾಹೇಬರು ಬೆನ್ನು ತಟ್ಟಿದರು.

"ಕ್ಯಾ ಬಾತ್ ಹೈ! ಹ್ಯಾಂಗ ಮಾಡಿದ್ರಿ ಹೇಳ್ರಿ, ಉಳಿದವರೂ ಕಲೀಲಿ."

"ಎಲ್ಲಾ ವಿಧಾನದ ಮ್ಯಾಲ ಅದ ಸಾಹೇಬ್ರ," ಎಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಸಾಹೇಬರಿಗೆ ಹುಮ್ಮಸ್ಸು ಬಂದು, ಹುಡುಗರ ಬಾಯಿಂದಲೇ ಕೇಳೋಣವೆಂದು ಪಂಢರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

"ಪಂಢರಿ, ನಾ ಪ್ರಿನ್ಸಿಪಾಲ್. ಈ ಸಲ ಇಷ್ಟು ಛಲೋ ಹ್ಯಾಂಗ ತಿಳೀತಪ್ಪಾ?"

ಕಾಂಕ್ರೀಟ್ ಯಂತ್ರದ ಗರಗರದ ಮೇಲೆ ಪಂಢರಿ ಕೂಗಿ ಹೇಳಿದ.

"ಖರೇ ಹೇಳ್ಲೇನ್ರಿ ಸರ್? ಮೊದಲ ನಮಗ ಡೌಟ್ ಕೇಳ್ಲಿಕ್ಕ ಭಾಳ ನಾಚಿಕಿ ಬರ್ತಿತ್ರಿ. ಸರ್‌ಗ ಎಲ್ಲಾ ತಿಳೀತದ, ನಮಗ ಒಬ್ಬರಿಗೇ ತಿಳೀವಲ್ದು ಅಂತ ಸುಮ್ನ ಎಸ್ ಸರ್ ಅಂತಿದ್ವಿ. ಆ ಐತವಾರ ಸರ್ ರೊಟ್ಟಿ ಮಾಡೂದು ನೋಡಿದ್ವಿ. ಇಷ್ಟು ತಿಳೀದವರೂ ಕಾಲೇಜಿನ್ಯಾಗ ನೌಕರಿ ಮಾಡ್ಲಕತ್ತಾರಂದ ಮ್ಯಾಲ ನಮಗೇನು ಅಂತ ಅಂಜಿಕಿ ಹೋಯ್ತ್ರಿ."

ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದವರಲ್ಲಿ ಇಬ್ಬರಿಗೆ ನೆತ್ತಿಗೇರಿತು. ಸಾಹೇಬರು ಮಾತ್ರ ನಗಲಿಲ್ಲ. ಫೋನು ಕೆಳಗಿಟ್ಟು, ಕನ್ನಡಕ ತೆಗೆದು, ಗಂಭೀರವಾಗಿ ನನ್ನ ಹತ್ತಿರ ಬಾಗಿದರು.

"ಮಚ್ಛೇಂದ್ರ ಸರ್, ಇನ್ನೂ ಅರ್ಧ ಸಿಲಬಸ್ ಬಾಕಿ ಅದ. ನಿಮಗ ಬೇರೆ ಏನೇನು ಬರಾಂಗಿಲ್ಲ ಅನ್ನೂದು ಒಂದು ಲಿಸ್ಟ್ ಮಾಡಿ ಕೊಡ್ರಿ."

ಮನೆಗೆ ಬಂದು ಒಂದು ಹಾಳೆ ತೆಗೆದುಕೊಂಡು ಕೂತೆ. ಪ್ರಾಮಾಣಿಕವಾಗಿ ವಿಚಾರ ಮಾಡಿ ಎರಡು ಬರೆದೆ. ಮೂರನೆಯದು ಹೊಳೆಯಲಿಲ್ಲ. ಕಾಂತಾ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು, ಹಾಳೆಯನ್ನು ನೋಡಿದಳು.

"ಒಂದು ಹಾಳಿ ಸಾಲಂಗಿಲ್ಲ," ಎಂದಳು. "ನೋಟ್‌ಬುಕ್ ತಗೊಂಡ್ ಬರ್ರಿ. ನಾ ಹೇಳ್ತೇನಿ, ನೀವು ಬರೀರಿ."